ದೇವರ ಅರಿವು, ಮನುಷ್ಯನ ಆಯ್ಕೆ

ದೇವರು ಸರ್ವಜ್ಞನಾದರೆ, ನಾಳೆ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲುವ ಸಾಕ್ಷಿ ನಿಜ ಹೇಳುತ್ತಾನೋ ಸುಳ್ಳು ಹೇಳುತ್ತಾನೋ ಎಂಬುದು ಅವನಿಗೆ ಇಂದೇ ತಿಳಿದಿರಬೇಕು. ಸುಳ್ಳು ಹೇಳುತ್ತಾನೆಂದೇ ತಿಳಿದಿದ್ದರೆ, ಆ ಅರಿವು ತಪ್ಪಾಗುವಂತಿಲ್ಲ. ಹಾಗಾಗಿ ಸಾಕ್ಷಿ ನಿಜ ಹೇಳುವಂತೆಯೂ ಇಲ್ಲ. ಬೇರೆ ದಾರಿಯೇ ಇಲ್ಲದವನ ಮೇಲೆ ಪಾಪ ಹೊರಿಸುವುದು ಹೇಗೆ? ಸರ್ವಜ್ಞನಾದ ದೇವರನ್ನೂ ಮನುಷ್ಯನ ಹೊಣೆಯನ್ನೂ ಒಟ್ಟಿಗೆ ಒಪ್ಪುವ ಮತಗಳಿಗೆಲ್ಲ ಈ ತೊಡಕು ಎದುರಾಗುತ್ತದೆ.

ಇದಕ್ಕೆ ಥಟ್ಟನೆ ಹೊಳೆಯುವ ಉತ್ತರ, ಅರಿವು ಕಾರಣವಲ್ಲ ಎಂಬುದು. ಪಂಚಾಂಗದಲ್ಲಿ ಬರೆದಿದೆ ಎಂದು ಗ್ರಹಣ ಹಿಡಿಯುವುದಿಲ್ಲ. ಗ್ರಹಣ ಹಿಡಿಯಲಿದೆ ಎಂದು ಪಂಚಾಂಗ ಬರೆಯುತ್ತದೆ. ಆದರೆ ಈ ಹೋಲಿಕೆ ತಿರುಗಿಯೂ ಬೀಳುತ್ತದೆ. ಗ್ರಹಣವನ್ನು ಮೊದಲೇ ಲೆಕ್ಕ ಹಾಕಲು ಬರುವುದು ಸೂರ್ಯ, ಚಂದ್ರ, ಭೂಮಿಗಳ ಗತಿ ನಿಯತವಾಗಿರುವುದರಿಂದ. ಮನುಷ್ಯನ ನಡೆಯೂ ಹಾಗೆಯೇ ನಿಯತವಾಗಿದ್ದರೆ ಸ್ವಾತಂತ್ರ್ಯವಿಲ್ಲ. ನಿಯತವಲ್ಲದಿದ್ದರೆ ಅದನ್ನು ಮೊದಲೇ ಅರಿಯುವ ಬಗೆ ಯಾವುದು?

ರೋಮನ್ ಚಿಂತಕ ಬೊಯೆಥಿಯಸ್ ಸುಮಾರು 524ರಲ್ಲಿ, ಸೆರೆಯಲ್ಲಿದ್ದು ಮರಣದಂಡನೆಯನ್ನು ಎದುರು ನೋಡುತ್ತಿದ್ದಾಗ, ‘ಮೊದಲೇ’ ಎಂಬ ಮಾತನ್ನೇ ಪ್ರಶ್ನಿಸಿದ. ದೇವರು ಕಾಲಕ್ಕೆ ಹೊರಗಿನವನು. ಅವನಿಗೆ ಭೂತ, ಭವಿಷ್ಯಗಳಿಲ್ಲ, ಎಲ್ಲವೂ ಏಕಕಾಲಕ್ಕೆ ಕಾಣುತ್ತದೆ. ಥಾಮಸ್ ಅಕ್ವಿನಾಸ್ 13ನೆಯ ಶತಮಾನದಲ್ಲಿ ಇದಕ್ಕೊಂದು ಚಿತ್ರ ಕೊಟ್ಟ: ದಾರಿಯಲ್ಲಿ ಸಾಗುವವನಿಗೆ ಹಿಂದೆ ಬರುವವರು ಕಾಣರು, ಎತ್ತರದಲ್ಲಿ ನಿಂತವನಿಗೆ ಸಾಲಿಗೆ ಸಾಲೇ ಕಾಣುತ್ತದೆ. ನೋಡಿದ ಮಾತ್ರಕ್ಕೆ ಅವನು ಯಾರನ್ನೂ ನಡೆಸಿದಂತಾಗದು. ಆದರೂ ಒಂದು ಸಂದೇಹ ಉಳಿಯುತ್ತದೆ. ಕಾಲಾತೀತವಾದ ಅರಿವೂ ನಿನ್ನೆಯ ಸಂಗತಿಯಷ್ಟೇ ಬದಲಿಸಲಾಗದ್ದು.

ಸ್ಪೇನಿನ ಜೆಸ್ವಿಟ್ ಪಂಡಿತ ಲೂಯಿಸ್ ದೆ ಮೊಲಿನಾ 1588ರಲ್ಲಿ ಇನ್ನೊಂದು ದಾರಿ ಹಿಡಿದ. ಯಾವ ಸಂದರ್ಭದಲ್ಲಿ ಯಾರು ಸ್ವಂತ ಇಚ್ಛೆಯಿಂದ ಏನು ಮಾಡುತ್ತಿದ್ದರು ಎಂಬುದು ಸೃಷ್ಟಿಗೆ ಮೊದಲೇ ದೇವರಿಗೆ ಗೊತ್ತು. ಅದನ್ನು ನೋಡಿಕೊಂಡೇ ಅವನು ಈ ಲೋಕವನ್ನು ಆರಿಸಿದ. ಹೀಗೆ ದೈವಸಂಕಲ್ಪಕ್ಕೂ ಮನುಷ್ಯನ ಆಯ್ಕೆಗೂ ಜಾಗ ಸಿಕ್ಕಿತು. ಆದರೆ ಇನ್ನೂ ಹುಟ್ಟದವನ ಆಯ್ಕೆಯ ಬಗೆಗಿನ ಮಾತು ಯಾವ ಆಧಾರದಿಂದ ಸತ್ಯವಾಗುತ್ತದೆ ಎಂಬ ಆಕ್ಷೇಪಕ್ಕೆ ಎಲ್ಲರೂ ಒಪ್ಪುವ ಉತ್ತರ ದೊರೆತಿಲ್ಲ. ಇತ್ತೀಚಿನ ಕೆಲವು ಕ್ರೈಸ್ತ ಚಿಂತಕರು, ಇನ್ನೂ ನಡೆಯದ ಸಂಗತಿ ಅರಿವಿನ ವಿಷಯವೇ ಅಲ್ಲ, ಅದನ್ನು ಅರಿಯದಿರುವುದು ಸರ್ವಜ್ಞತ್ವಕ್ಕೆ ಕೊರತೆಯೂ ಅಲ್ಲ ಎನ್ನುತ್ತಾರೆ.

ವೇದಾಂತದಲ್ಲಿ ಚರ್ಚೆಯ ಒತ್ತು ಅರಿವಿಗಿಂತ ಕರ್ತೃತ್ವದ ಮೇಲಿದೆ, ಅಂದರೆ ಕೆಲಸ ಮಾಡುವವನು ಯಾರು ಎಂಬುದರ ಮೇಲೆ. ಜೀವಾತ್ಮನ ಕರ್ತೃತ್ವ ಪರಮಾತ್ಮನ ಅಧೀನ, ಆದರೆ ಪರಮಾತ್ಮ ಜೀವನ ಪ್ರಯತ್ನವನ್ನು ನೋಡಿಯೇ ಅವನನ್ನು ಕೆಲಸಕ್ಕೆ ತೊಡಗಿಸುತ್ತಾನೆ ಎಂಬ ವಿಚಾರ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಬರುತ್ತದೆ. ಶಂಕರರು ಮಳೆಯ ದೃಷ್ಟಾಂತ ಕೊಡುತ್ತಾರೆ: ಮಳೆ ಎಲ್ಲದಕ್ಕೂ ಸಮಾನ ಕಾರಣ, ಬೆಳೆ ಭತ್ತವೋ ಜವೆಗೋದಿಯೋ ಎಂಬುದು ಬೀಜದಿಂದ. ರಾಮಾನುಜರದು ಆಸ್ತಿಯ ದೃಷ್ಟಾಂತ. ಇಬ್ಬರಿಗೆ ಸೇರಿದ ಸೊತ್ತನ್ನು ಮೂರನೆಯವನಿಗೆ ಕೊಡಲು ಒಬ್ಬ ಮುಂದಾದರೆ ಇನ್ನೊಬ್ಬನ ಒಪ್ಪಿಗೆ ಬೇಕೇ ಬೇಕು. ಆದರೂ ಕೊಟ್ಟ ಫಲ ಮುಂದಾದವನದೇ. ಹಾಗೆಯೇ ಜೀವನ ಒಳಗಿರುವ ದೇವರ, ಅಂತರ್ಯಾಮಿಯ, ಅನುಮತಿಯಿಲ್ಲದೆ ಕೆಲಸ ಸಾಗದು, ಮೊದಲ ಹೆಜ್ಜೆ ಮಾತ್ರ ಜೀವನದು. ಉಡುಪಿಯ ಮಧ್ವಾಚಾರ್ಯರ ಮತದಲ್ಲಿ ಹರಿಯೊಬ್ಬನೇ ಸ್ವತಂತ್ರ. ಜೀವನಿಗೆ ಕರ್ತೃತ್ವವುಂಟು, ಆದರೆ ಅದು ಹರಿಯ ಅಧೀನ. ಅವನು ಜೀವನ ಸ್ವಭಾವ, ಅನಾದಿಕರ್ಮ, ಪ್ರಯತ್ನಗಳಿಗೆ ತಕ್ಕಂತೆ ನಡೆಸುತ್ತಾನೆ. ಕರ್ಮಕ್ಕೆ ಮೊದಲಿಲ್ಲವೆಂದರೆ ದೇವರಿಗೆ ಪಕ್ಷಪಾತದ ದೋಷ ತಟ್ಟುವುದಿಲ್ಲ. ಆದರೆ ಆ ಸರಣಿಯಲ್ಲಿ ಜೀವನ ಸ್ವಂತ ಪಾಲು ಎಷ್ಟು ಎಂಬ ಪ್ರಶ್ನೆ ಮಾತ್ರ ಹಿಂದಕ್ಕೆ ಸರಿಯುತ್ತ ಹೋಗುತ್ತದೆ.

ಹೀಗೆ ಒಂದೇ ಎಂದು ತೋರುವ ತೊಡಕಿನಲ್ಲಿ ಎರಡು ಗಂಟುಗಳಿವೆ. ದೇವರು ಬರೀ ನೋಡುವವನಾದರೆ, ಸಾಕ್ಷಿಯ ಸುಳ್ಳು ಸಾಕ್ಷಿಯದೇ ಎನ್ನಲು ಬೊಯೆಥಿಯಸನ ವಾದ ಬಹುಮಟ್ಟಿಗೆ ಸಾಕು. ಆ ಸಾಕ್ಷಿಯನ್ನೂ ಅವನ ಸ್ವಭಾವವನ್ನೂ ಉಳಿಸಿ ನಡೆಸುವವನು ದೇವರೇ ಆದಾಗ, ನೋಟದ ಹೋಲಿಕೆ ಸಾಲದು; ಅಲ್ಲಿ ಬೇಕಾಗುವುದು ರಾಮಾನುಜರ ಪಾಲುದಾರನಂಥ, ಕರ್ತೃತ್ವವನ್ನೇ ಹಂಚಿ ತೋರಿಸುವ ವಿವರಣೆ.