ಪ್ರೇಮಕಥೆಯಲ್ಲಿ ಕಾಣದ ಪುಟ

‘ಪ್ರೇಮ ಕಾದಂಬರಿ ಓದಿ ಹೆಂಗಸರು ಕೆಡುತ್ತಾರೆ’ ಎಂದು ಮನೆಯ ಹಿರಿಯರು ಹೇಳಿದರೆ ನನಗೆ ಆಶ್ಚರ್ಯವಿಲ್ಲ. ಚಳವಳಿಯ ಗೆಳತಿಯರೂ ಅದನ್ನೇ ಹೇಳಿದರೆ ಒಪ್ಪಲಾರೆ. ಈ ಕಥೆಗಳ ನಾಯಕ ಮಾಡುವುದಾದರೂ ಏನು? ಹೆಂಡತಿಗೆ ಜ್ವರ ಬಂದರೆ ಗಂಜಿ ಕಾಯಿಸುತ್ತಾನೆ. ಅವಳ ಮಾತಿಗೆ ಕಿವಿಗೊಡುತ್ತಾನೆ. ಕೈ ಎತ್ತುವುದಿಲ್ಲ. ಇಷ್ಟು ಮಾತ್ರದ ಮನುಷ್ಯತ್ವ ಕನಸಿನಂತೆ ಕಂಡರೆ ತಪ್ಪು ಓದುವವಳದೋ, ಅವಳ ಮನೆಯದೋ?

ನನ್ನ ತಕರಾರು ಬೇರೆ. ಇಂಥ ಎಷ್ಟೋ ಕಥೆಗಳು ತಾಳಿ ಕಟ್ಟಿದೊಡನೆ ಮುಗಿಯುತ್ತವೆ. ಛತ್ರದ ಬಾಡಿಗೆ ಯಾರು ಕೊಟ್ಟರು, ಚಿನ್ನ ಎಷ್ಟು, ಸ್ಕೂಟರ್ ಕೇಳಿದವರಾರು? ಒಂದು ಸಾಲೂ ಇಲ್ಲ. ದುಡ್ಡಿನ ಮಾತೆತ್ತಿದರೆ ಪ್ರೇಮಕಥೆ ಸೊರಗುತ್ತದೆಂಬುದು ಸುಳ್ಳು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1967ರಲ್ಲಿ ತೆರೆಗೆ ತಂದ ‘ಬೆಳ್ಳಿಮೋಡ’ವನ್ನೇ ನೋಡಿ. ಇಂದಿರಾಳ ತಂದೆಯ ಹಣದಲ್ಲಿ ವಿದೇಶದಲ್ಲಿ ಓದಿದ ಮೋಹನ, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪುತ್ತಲೇ ಮದುವೆ ಬೇಡವೆನ್ನುತ್ತಾನೆ. ಮುಂದೆ ಪೆಟ್ಟಾಗಿ ಹಾಸಿಗೆ ಹಿಡಿದವನನ್ನು ಅವಳೇ ಆರೈಕೆ ಮಾಡುತ್ತಾಳೆ; ಅವನು ಮನಸ್ಸು ಬದಲಿಸಿ ಕೇಳಿದಾಗ ಒಲ್ಲೆನೆನ್ನುತ್ತಾಳೆ. ಕರುಣೆಯೂ ಉಳಿಯಿತು, ಮಾನವೂ ಉಳಿಯಿತು.

ಹೊಡೆತದಂತೆ ಹೀಯಾಳಿಕೆಯೂ, ಖರ್ಚಿಗೆ ಕಾಸು ಕೊಡದಿರುವುದೂ ದೌರ್ಜನ್ಯವೇ ಎಂದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೇಳಿತು. ಕಾದಂಬರಿ ಓದುವ ಹೆಣ್ಣು ಅದನ್ನು ಮೊದಲೇ ಬಲ್ಲಳು. ಅವಳ ಕೈಯಿಂದ ಪುಸ್ತಕ ಕಸಿಯುವುದು ಬೇಡ. ಓದಲಿ, ಓದಿ, ‘ನಮ್ಮ ಮನೆಯಲ್ಲೇಕೆ ಹೀಗಿಲ್ಲ?’ ಎಂದು ಗಟ್ಟಿಯಾಗಿ ಕೇಳಲಿ. ಬರೆಯುವವರನ್ನು ನಾವೆಲ್ಲ ಸೇರಿ ಕೇಳೋಣ: ಮದುವೆಯ ಲೆಕ್ಕದ ಪುಟ ಎಲ್ಲಿ?