ಸಲಹಾ ಸಮಿತಿಯಲ್ಲಿ ನಿಮ್ಮ ಕುರ್ಚಿ ಖಾಲಿ ಬಿಡಬೇಡಿ



ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿ ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇದೆ. ತಿಪ್ಪಸಂದ್ರ ಹೋಬಳಿಯ ನಿಮ್ಮಲ್ಲಿ ಹಲವರು ಒಂದಲ್ಲ ಒಂದು ತರಬೇತಿಗೆ ಅಲ್ಲಿಗೆ ಹೋಗಿ ಬಂದಿದ್ದೀರಿ. ಮೇವಿನ ಕಡ್ಡಿ ತಂದು ಬದುವಿನಲ್ಲಿ ನೆಟ್ಟವರೂ ಇದ್ದೀರಿ. ಆದರೆ ಆ ಕೇಂದ್ರಕ್ಕೆ ಒಂದು ವೈಜ್ಞಾನಿಕ ಸಲಹಾ ಸಮಿತಿ ಇದೆ, ಅದರಲ್ಲಿ ರೈತ ಮಹಿಳೆಯರಿಗೂ ಜಾಗ ಇದೆ ಎಂಬುದು ಎಷ್ಟು ಜನರಿಗೆ ಗೊತ್ತು? ಕೇಸಿಗೆ ಹೋದ ಕಡೆಯೆಲ್ಲ ಕೇಳಿ ನೋಡುತ್ತಿದ್ದೇನೆ. ಸಿಗುವ ಉತ್ತರ ಹೆಚ್ಚಾಗಿ ಒಂದೇ: "ಅದೆಲ್ಲ ಆಫೀಸರ್‌ಗಳದ್ದು ಅಲ್ವಾ ಡಾಕ್ಟ್ರೇ?"

ಅಲ್ಲ. ದೇಶದ ಪ್ರತಿಯೊಂದು ಕೃಷಿ ವಿಜ್ಞಾನ ಕೇಂದ್ರಕ್ಕೂ ಇಂಥ ಸಮಿತಿ ಇರಬೇಕೆಂಬುದು ನಿಯಮ. ಕೃಷಿ, ತೋಟಗಾರಿಕೆ, ಪಶುಪಾಲನೆ ಇಲಾಖೆಗಳ ಅಧಿಕಾರಿಗಳು, ವಿಶ್ವವಿದ್ಯಾನಿಲಯದವರು, ಬ್ಯಾಂಕಿನವರು ಇವರ ಜೊತೆಗೆ ರೈತರ ಮತ್ತು ರೈತ ಮಹಿಳೆಯರ ಪ್ರತಿನಿಧಿಗಳೂ ಕೂರಬೇಕು. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸಭೆ ಸೇರುತ್ತದೆ. ಹೋದ ವರ್ಷ ಏನು ಮಾಡಿದೆವು ಎಂದು ಓದುತ್ತಾರೆ, ಮುಂದಿನ ವರ್ಷ ಏನು ಮಾಡಬೇಕೆಂದು ತೀರ್ಮಾನಿಸುತ್ತಾರೆ. ಯಾವ ರಾಗಿ ತಳಿಯನ್ನು ಯಾರ ಹೊಲದಲ್ಲಿ ಹಾಕಿ ನೋಡಬೇಕು, ಯಾವ ಮೇವು, ಯಾವ ತರಬೇತಿ, ಯಾವ ತಿಂಗಳಲ್ಲಿ ಎನ್ನುವುದೆಲ್ಲ ಅಲ್ಲಿ ಚರ್ಚೆಗೆ ಬರುತ್ತದೆ. ಅಂದರೆ ನಿಮ್ಮ ಕೊಟ್ಟಿಗೆಗೆ ಬರುವ ಸಲಹೆ ಹುಟ್ಟುವುದು ಆ ಕೋಣೆಯಲ್ಲಿ.

ಅಜೋಲಾವನ್ನೇ ತೆಗೆದುಕೊಳ್ಳಿ. ಪ್ರೋಟೀನು ಚೆನ್ನಾಗಿದೆ, ಹಸು ತಿಂದರೆ ಹಿಂಡಿ ಖರ್ಚು ಸ್ವಲ್ಪ ಉಳಿಯುತ್ತದೆ, ಇದರಲ್ಲಿ ಸುಳ್ಳಿಲ್ಲ. ಆದರೆ ತೊಟ್ಟಿಗೆ ನೆರಳು ಬೇಕು, ನೀರು ಕಡಿಮೆಯಾಗದಂತೆ ನೋಡಿಕೊಳ್ಳಬೇಕು, ದಿನಾ ತೆಗೆಯಬೇಕು, ಸಗಣಿ ವಾಸನೆ ಹೋಗುವ ತನಕ ತೊಳೆದು ಹಾಕಬೇಕು. ಇದನ್ನೆಲ್ಲ ಮಾಡುವವರು ಯಾರು? ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಮೇವು ಕೊಯ್ಯಲು ಹೋಗುವ ನೀವೇ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಮನೆಯಲ್ಲಿ ಅಜೋಲಾ ತೊಟ್ಟಿ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಬಟ್ಟೆ ನೆನೆಸಲು ಒಳ್ಳೆಯದಾಯಿತು ಎಂದ ಒಬ್ಬ ಅಮ್ಮನ ಮಾತು ಕೇಳಿ ನಾನು ನಕ್ಕಿದ್ದೇನೆ, ಆಮೇಲೆ ಯೋಚನೆಗೂ ಬಿದ್ದಿದ್ದೇನೆ. ಯೋಜನೆ ಮಾಡುವ ದಿನ ಆ ಅಮ್ಮ ಸಭೆಯಲ್ಲಿದ್ದಿದ್ದರೆ "ಎಷ್ಟು ಕೊಡ ನೀರು, ಎಷ್ಟು ಹೊತ್ತು ಕೆಲಸ?" ಎಂದು ಮೊದಲೇ ಕೇಳುತ್ತಿದ್ದರು. ಲೀಟರ್ ಲೆಕ್ಕ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಹೆಂಗಸರ ಹೊತ್ತಿನ ಲೆಕ್ಕ ಹಾಕುವವರು ಕಡಿಮೆ.

ಈಗ ಇನ್ನೂ ದೊಡ್ಡ ವಿಷಯ ಬರುತ್ತಿದೆ. ನಿಮ್ಮ ಹಸು ಮೆಲುಕು ಹಾಕುವಾಗ ತೇಗುತ್ತದಲ್ಲ, ಆ ತೇಗಿನಲ್ಲಿ ಮೀಥೇನ್ ಎಂಬ ಅನಿಲ ಇರುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ನೂರು ವರ್ಷದ ಲೆಕ್ಕದಲ್ಲಿ ಸುಮಾರು 28 ಪಟ್ಟು ಜೋರು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 19 ಕೋಟಿಗೂ ಹೆಚ್ಚು ದನಗಳು, ಸುಮಾರು 11 ಕೋಟಿ ಎಮ್ಮೆ ಕೋಣಗಳು ಇವೆ. ಹಾಗಾಗಿ ಪರಿಸರದ ಸಭೆಗಳಲ್ಲಿ ಹಸುವಿನ ಹೆಸರು ಬಂದೇ ಬರುತ್ತದೆ. ಇದನ್ನು ಬರೀ ದೂರು ಎಂದುಕೊಳ್ಳಬೇಡಿ. ಮೀಥೇನ್ ಹೋದರೆ ನಿಮಗೂ ನಷ್ಟ: ಹಸು ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6 ಪಾಲು ಹೀಗೆ ಗಾಳಿಗೆ ಹೋಗುತ್ತದೆ. ನೀವು ದುಡ್ಡು ಕೊಟ್ಟ ಬೂಸಾ, ಹಿಂಡಿ ಅದರಲ್ಲಿ ಸೇರಿದೆ.

ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇದೆ. (ಅದೇ ಆಡುಗೋಡಿಯ ಡೈರಿ ಸಂಸ್ಥೆಗೆ 1927ರಲ್ಲಿ ಗಾಂಧೀಜಿ ಹಸು ಸಾಕಣೆ ಕಲಿಯಲು ಬಂದಿದ್ದರು.) ಅಲ್ಲಿನ ವಿಜ್ಞಾನಿಗಳು ಹುಣಸೆ ಬೀಜದ ಸಿಪ್ಪೆಯಂಥ ಒಗರು ವಸ್ತುಗಳನ್ನು ಮೇವಿಗೆ ಸೇರಿಸಿ ಮೀಥೇನ್ ಕಡಿಮೆ ಮಾಡುವುದನ್ನು ವರ್ಷಗಳಿಂದ ಪ್ರಯೋಗ ಮಾಡಿದ್ದಾರೆ. 'ಹರಿತ್ ಧಾರಾ' ಎಂಬ ಅವರ ಮಿಶ್ರಣ ನೂರಕ್ಕೆ 17ರಿಂದ 20ರಷ್ಟು ಮೀಥೇನ್ ಇಳಿಸುತ್ತದೆ ಎಂದು ಸಂಸ್ಥೆ ಹೇಳಿದೆ. ಒಳ್ಳೆಯ ಕೆಲಸ. ಮಾಗಡಿ ಸೀಮೆಯಲ್ಲಿ ಹುಣಸೆ ಮರಕ್ಕೇನು ಬರವಿಲ್ಲ.

ಆದರೆ ಇದೇ ಮೀಥೇನ್ ಲೆಕ್ಕದಿಂದ ಇನ್ನೊಂದು ಸಲಹೆಯೂ ಹುಟ್ಟುತ್ತದೆ. "ಒಂದು ಲೀಟರ್ ಹಾಲಿಗೆ ಎಷ್ಟು ಮೀಥೇನ್" ಎಂದು ಲೆಕ್ಕ ಹಾಕಿದರೆ ಹತ್ತು ಹದಿನೈದು ಲೀಟರ್ ಕೊಡುವ ಸೀಮೆಹಸು ಒಳ್ಳೆಯದು, ಮೂರು ಲೀಟರ್ ಕೊಡುವ ನಾಟಿ ಹಸು ಕೆಟ್ಟದ್ದು ಎಂದು ಬರುತ್ತದೆ. ಕಾಗದದ ಮೇಲೆ ಲೆಕ್ಕ ಸರಿಯೇ. ಆದರೆ ಬಿಸಿಲು ಏರಿದಾಗ ಮೊದಲು ಹಾಲು ಇಳಿಸುವುದು, ಕೆಚ್ಚಲು ಬಾವು ಬಂದು ಮಲಗುವುದು, ನೀರು ಹೆಚ್ಚು ಕೇಳುವುದು ಆ ಸೀಮೆಹಸುವೇ. ನಾಟಿ ಹಸುವಿನಿಂದ ಹಾಲಷ್ಟೇ ಅಲ್ಲ, ರಾಗಿ ಹೊಲಕ್ಕೆ ಗೊಬ್ಬರವೂ ಬರುತ್ತದೆ, ಹಿಂಡಿ ಇಲ್ಲದೆಯೂ ಅದು ಬದುಕುತ್ತದೆ. ಸಾಲ ಮಾಡಿ ದೊಡ್ಡ ಹಸು ತಂದು ಕಳೆದುಕೊಂಡ ಮನೆಗಳನ್ನು ನಾನು ನೋಡಿದ್ದೇನೆ, ನೀವೂ ನೋಡಿದ್ದೀರಿ. ಒಂದೇ ಹಸು ಇರುವ ಒಂಟಿ ಹೆಂಗಸಿಗೆ ಯಾವ ಸಲಹೆ ಸರಿ ಎಂಬುದು ಮೀಥೇನ್ ಯಂತ್ರದಿಂದ ತಿಳಿಯುವುದಿಲ್ಲ. ಇಂಥ ಕೇಂದ್ರ ಸಂಸ್ಥೆಗಳ ಸಂಶೋಧನಾ ಸಲಹಾ ಸಮಿತಿಗಳಲ್ಲೂ ರೈತರ, ಹಳ್ಳಿಯ ಹಿತ ಕಾಯಲೆಂದು ಇಬ್ಬರಿಗೆ ಜಾಗ ಇದೆ. ಆ ಇಬ್ಬರಲ್ಲಿ ಒಬ್ಬರಾದರೂ ಸಗಣಿ ಬಾಚಿದ ಕೈಯವರು ಇರಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ರಾಮದೇವರ ಬೆಟ್ಟದ ರಣಹದ್ದುಗಳ ಕಥೆಯನ್ನೂ ಇಲ್ಲಿ ಹೇಳಬೇಕು. 'ಶೋಲೆ' ಸಿನಿಮಾ ತೆಗೆದ ಬೆಟ್ಟ. 2012ರಲ್ಲಿ ಅದು ರಣಹದ್ದು ಧಾಮ ಆಯಿತು. 1990ರ ದಶಕದಲ್ಲಿ ದೇಶದಲ್ಲಿ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಇಲ್ಲವಾದವು. ಹಸುವಿಗೆ ನೋವಿಗೆಂದು ಹಾಕುತ್ತಿದ್ದ ಡೈಕ್ಲೋಫೆನಾಕ್ ಚುಚ್ಚುಮದ್ದೇ ಕಾರಣ ಎಂದು 2004ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಮದ್ದು ಹಾಕಿಸಿಕೊಂಡ ದನ ಸತ್ತು, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆ ನಿಷೇಧವಾಯಿತು. 2023ರಲ್ಲಿ ಕೀಟೋಪ್ರೋಫೆನ್, ಅಸೆಕ್ಲೋಫೆನಾಕ್ ಕೂಡ ನಿಂತವು. ಮೆಲಾಕ್ಸಿಕಾಮ್ ಹದ್ದಿಗೂ ಹಸುವಿಗೂ ತೊಂದರೆ ಇಲ್ಲದ್ದು. ಅದನ್ನೇ ಕೇಳಿ ಹಾಕಿಸಿ. ಊರಾಚೆ ಎಸೆದ ದನದ ಹೆಣ ಹದ್ದು ಬಾರದೆ ಅಲ್ಲೇ ಕೊಳೆಯುತ್ತಿದೆ, ನಾಯಿಗಳು ಹೆಚ್ಚಾಗುತ್ತಿವೆ ಎಂಬುದನ್ನು ಮೊದಲು ಕಂಡವರು ದನ ಸಾಕುವವರು. ಅವರನ್ನು ಕೇಳುವವರು ಯಾರೂ ಇರಲಿಲ್ಲ. ನಿಷೇಧ ಆದಮೇಲೂ ಸುದ್ದಿ ಕೊನೆಗೆ ತಲುಪಿದ್ದು ಅವರಿಗೇ.

"ಅಷ್ಟು ಜನ ಸಾಹೇಬರ ಮಧ್ಯೆ ನಾನೊಬ್ಬಳು ಹೋಗಿ ಏನು ಮಾಡಲಿ?" ಎಂದು ನೀವು ಕೇಳಬಹುದು. ಕೇಳುವುದು ನ್ಯಾಯ. ಒಬ್ಬರೇ ಹೋದರೆ ಶಾಲು ಹೊದಿಸಿ ಫೋಟೋ ತೆಗೆದು ಕಳಿಸುವ ಅಪಾಯ ಇದ್ದೇ ಇದೆ. ರೈತರು ಬಂದರೆ ಹಾಲಿನ ದರ, ಸಬ್ಸಿಡಿ ಬಿಟ್ಟು ಬೇರೆ ಮಾತಾಡುವುದಿಲ್ಲ ಎಂದು ನನ್ನ ಓರಗೆಯ ವೈದ್ಯರೂ ಹೇಳುತ್ತಾರೆ. ಅದರಲ್ಲಿ ಅರ್ಧ ನಿಜ ಇದೆ. ಹಾಲಿನ ದರ ಆ ಸಮಿತಿಯ ಕೈಯಲ್ಲಿಲ್ಲ. ಇನ್ನೊಂದು ಮಾತು, ಇದು ಯಾವುದೋ ಒಂದು ಕೇಂದ್ರದ ಮೇಲಿನ ದೂರಲ್ಲ: ಎಲ್ಲ ಕಡೆಯೂ 'ಪ್ರಗತಿಪರ ರೈತ' ಎಂದರೆ ಬೋರ್‌ವೆಲ್ ಇರುವವರು, ಪ್ರಶಸ್ತಿ ಬಂದವರು ಎಂಬ ಅಭ್ಯಾಸ ಬಿದ್ದಿದೆ. ಮಳೆ ನಂಬಿ ರಾಗಿ ಹುಲ್ಲಿನ ಮೆದೆಯಲ್ಲೇ ವರ್ಷ ತಳ್ಳುವವರನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಅದಕ್ಕೇ ನಾವೇ ಹೆಸರು ಕೊಡಬೇಕು.

ಸೆಪ್ಟೆಂಬರ್ ಒಳಗೆ ನಿಮ್ಮ ಸಂಘದ ವಾರ್ಷಿಕ ಸಭೆ ನಡೆಯುತ್ತದೆ. ಲೆಕ್ಕಪತ್ರ, ಬೋನಸ್ ಮುಗಿದ ಮೇಲೆ ಎದ್ದು ಹೋಗಬೇಡಿ. ಈ ವಿಷಯ ಎತ್ತಿ, ಇಬ್ಬರ ಹೆಸರು ಠರಾವು ಮಾಡಿಸಿ. ಅವರಲ್ಲಿ ಒಬ್ಬರು ಒಂದೆರಡು ಹಸುವಿನವರೇ ಆಗಿರಲಿ. ಠರಾವಿನ ಪ್ರತಿಯನ್ನು ಚಂದೂರಾಯನಹಳ್ಳಿ ಕೇಂದ್ರದ ಮುಖ್ಯಸ್ಥರಿಗೆ ಕಳಿಸಿ. ಸಭೆ ಬೆಳಗಿನ ಹಾಲು ಮುಗಿದ ಮೇಲೆ ಶುರುವಾಗಿ ಸಂಜೆ ಹಾಲಿನ ಹೊತ್ತಿಗೆ ಮುಗಿಯಬೇಕು, ಕಾಗದಗಳು ಕನ್ನಡದಲ್ಲಿ ಒಂದು ವಾರ ಮೊದಲೇ ಕೈಗೆ ಬರಬೇಕು, ಬಸ್ ಖರ್ಚು ಕೊಡಬೇಕು ಎಂದೂ ಅದರಲ್ಲಿ ಬರೆಸಿ. ಹೋಗುವವರು ಡೈರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ನಿಂತವರನ್ನೆಲ್ಲ ಕೇಳಿಕೊಂಡು ಮೂರು ಪ್ರಶ್ನೆ ಬರೆದುಕೊಂಡು ಹೋಗಲಿ. ಮೊದಲನೆಯದನ್ನು ನಾನೇ ಕೊಡುತ್ತೇನೆ: ಈ ವರ್ಷ ನೀವು ಹೇಳಿಕೊಡುವ ಕೆಲಸದಿಂದ ನಮ್ಮ ದಿನಕ್ಕೆ ಎಷ್ಟು ಹೊತ್ತು ಸೇರುತ್ತದೆ, ಎಷ್ಟು ಕಳೆಯುತ್ತದೆ?

ಪತ್ರ ಬರೆಯಲು ಸಹಾಯ ಬೇಕಿದ್ದರೆ ನಾನು ಕೇಸಿಗೆ ಬಂದಾಗ ಕೇಳಿ. ಸೆಕ್ರೆಟರಿಯವರ ಹತ್ತಿರ ಹೇಳಿ ಕಳಿಸಿದರೂ ಸಾಕು.