ಗೋಡೆಗೆ ಗುದ್ದಿದೆ ಅಂತ ಬರೀರಿ ಸಾರ್

ಕಾರು ಇಟ್ಟುಕೊಂಡಿರೋ ನಮ್ಮ ಸಾಫ್ಟ್‌ವೇರ್ ಮಂದಿಗೆ ಇನ್ಶೂರೆನ್ಸ್ ಗೊತ್ತಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಝೀರೋ ಡೆಪ್ ಬೇಕಾ ಬೇಡ್ವಾ, ಎಂಜಿನ್ ಪ್ರೊಟೆಕ್ಷನ್ ಹಾಕಿಸ್ಬೇಕಾ, ನೋ ಕ್ಲೇಮ್ ಬೋನಸ್ ಹೊಸ ಕಾರಿಗೆ ವರ್ಗ ಆಗುತ್ತಾ, ಎಲ್ಲದರ ಬಗ್ಗೆಯೂ ಕೆಫೆಟೇರಿಯಾದಲ್ಲಿ ಅರ್ಧ ಗಂಟೆ ಭಾಷಣ ಬಿಗೀತೀವಿ. ಅದೇ ಜಾಗದಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ನಿಮ್ಮದೇ ತಪ್ಪಿನಿಂದ ಸ್ಕೂಟರಿನವನೊಬ್ಬ ಬಿದ್ದರೆ, ಆ ಪಾಲಿಸಿ ಅವನಿಗೇನು ಕೊಡುತ್ತೆ? ಎಲ್ಲರೂ ಮೊಬೈಲ್ ನೋಡೋಕೆ ಶುರು ಮಾಡ್ತಾರೆ.

ಬೆಂಗಳೂರಿನಿಂದ ಬರೋ ತುಮಕೂರು ರಸ್ತೆ ನೆಲಮಂಗಲದಲ್ಲಿ ಕವಲೊಡೆಯುತ್ತೆ. ಒಂದು ತುಮಕೂರಿನ ಕಡೆಗೆ, ಇನ್ನೊಂದು ಕುಣಿಗಲ್, ಹಾಸನ, ಮಂಗಳೂರಿನ ಕಡೆಗೆ. ಶುಕ್ರವಾರ ಸಂಜೆ ಊರಿಗೆ ಹೊರಟ ನಮ್ಮ ಕಾರುಗಳೂ, ಹಾಲಿನ ಕ್ಯಾನು, ಹುಲ್ಲಿನ ಹೊರೆ ಕಟ್ಟಿಕೊಂಡ ಟಿವಿಎಸ್ ಎಕ್ಸೆಲ್‌ಗಳೂ ಒಂದೇ ಸರ್ವಿಸ್ ರೋಡಿಗೆ ಬೀಳ್ತವೆ. ಗುದ್ದಿದ ಮೇಲೆ ನಡೆಯೋದು ಯಾವಾಗಲೂ ಒಂದೇ ನಾಟಕ. ಜನ ಸೇರ್ತಾರೆ. ಯಾರೋ ಹಿರಿಯರು "ಇಲ್ಲೇ ಮುಗಿಸ್ಕೊಳ್ರಪ್ಪ, ಸ್ಟೇಷನ್ನು ಗೀಷನ್ನು ಯಾಕೆ" ಅಂತಾರೆ. ಕಾರಿನವನ ಕೈಯಿಂದ ಐದು ಸಾವಿರ ಕೈ ಬದಲಾಗುತ್ತೆ. ಮರುದಿನ ಕಾರು ಗ್ಯಾರೇಜಿಗೆ. ಅಲ್ಲಿನ ಸಲಹೆಗಾರ ಕ್ಲೇಮ್ ಫಾರ್ಮ್ ಮುಂದಿಟ್ಟು ಹೇಳ್ತಾನೆ: "ಗೋಡೆಗೆ ಗುದ್ದಿದೆ ಅಂತ ಬರೀರಿ ಸಾರ್, ಸರ್ವೇಯರ್ ಏನೂ ಕೇಳಲ್ಲ." ಬಂಪರ್, ಹೆಡ್‌ಲೈಟ್, ಬಾನೆಟ್ ಎಲ್ಲ ಸೇರಿ ನಲವತ್ತು ಸಾವಿರದ ಬಿಲ್ಲನ್ನ ಕಂಪನಿ ಕಟ್ಟುತ್ತೆ.

ಬಂಪರಿಗೆ ಇನ್ಶೂರೆನ್ಸು, ಮನುಷ್ಯನಿಗೆ ಐದು ಸಾವಿರ. ದಾಖಲೆಯಲ್ಲಿ ಗೋಡೆ ಇದೆ, ಮನುಷ್ಯ ಇಲ್ಲ.

ನಮ್ಮ ಚಿಕ್ಕಪ್ಪ ಹೀಗೆ ಗೋಡೆ ಆದವರು. ತ್ಯಾಮಗೊಂಡ್ಲು ಕಡೆಯವರು, ಎರಡು ಸೀಮೆಹಸು ಸಾಕಿಕೊಂಡಿದ್ದಾರೆ. ಸರ್ವಿಸ್ ರೋಡಿನಲ್ಲಿ ರಾಂಗ್ ಸೈಡಿನಿಂದ ಬಂದ ಕಾರು ಗುದ್ದಿತು. ಕಾರಿನ ಹುಡುಗ "ಅಂಕಲ್, ಕೇಸು ಬೇಡ, ಏನೇ ಆದ್ರೂ ನಾನು ನೋಡ್ಕೊಳ್ತೀನಿ" ಅಂತ ದುಡ್ಡು ಕೊಟ್ಟು, ನಂಬರು ಕೊಟ್ಟು ಹೋದ. ಮಂಡಿ ಊದಿದ್ದು ರಾತ್ರಿ. ಚಿಪ್ಪು ಬಿರುಕು ಬಿಟ್ಟಿದೆ ಅಂತ ಗೊತ್ತಾಗಿದ್ದು ಮೂರನೇ ದಿನ. ನಂಬರು ಒಂದು ವಾರ ಕೆಲಸ ಮಾಡ್ತು, ಆಮೇಲೆ ಇಲ್ಲ. ವಕೀಲರ ಹತ್ತಿರ ಹೋದರೆ ಅವರ ಮೊದಲ ಪ್ರಶ್ನೆ, "ಎಫ್‌ಐಆರ್ ಎಲ್ಲಿ?" ಇವತ್ತಿಗೂ ಅವರು ಕೂತು ಹಾಲು ಕರೆಯೋಕಾಗಲ್ಲ. ನಾನು ಸಿಟ್ಟು ಮಾಡಿಕೊಂಡರೆ, "ಓದಿದ ಹುಡುಗ, ಕೈ ಮುಗ್ದ ಕಣಪ್ಪ" ಅಂತಾರೆ.

ಓದಿದ ಹುಡುಗ ಓದದೇ ಬಿಟ್ಟಿದ್ದು ತನ್ನದೇ ಪಾಲಿಸಿಯನ್ನ. ಅದರಲ್ಲಿ ಎರಡು ಭಾಗ ಇರುತ್ತೆ. ಒಂದು ನಿಮ್ಮ ಕಾರಿಗೆ, ಇನ್ನೊಂದು ನೀವು ಗುದ್ದಿದವರಿಗೆ. ಎರಡನೆಯದನ್ನ ಮೋಟಾರು ವಾಹನ ಕಾಯ್ದೆ, 1988ರ 146ನೇ ಸೆಕ್ಷನ್ ಕಡ್ಡಾಯ ಮಾಡಿದೆ. 1000ದಿಂದ 1500 ಸಿಸಿ ಕಾರಿಗೆ ಅದರ ದರವನ್ನ 2022ರ ಜೂನ್‌ನಲ್ಲಿ ಸರ್ಕಾರವೇ ವರ್ಷಕ್ಕೆ 3,416 ರೂಪಾಯಿ ಅಂತ ನಿಗದಿ ಮಾಡಿತು. ಗಾಯ ಅಥವಾ ಸಾವಾದರೆ ನ್ಯಾಯಮಂಡಳಿ ಎಷ್ಟು ಹೇಳುತ್ತೋ ಅಷ್ಟನ್ನೂ ಕಂಪನಿ ಕೊಡಬೇಕು. ಇನ್ನೊಬ್ಬರ ಗಾಡಿ, ಆಸ್ತಿ ಹಾಳಾದರೆ ಸಾಮಾನ್ಯವಾಗಿ 7.5 ಲಕ್ಷದವರೆಗೆ.

ನೋ ಕ್ಲೇಮ್ ಬೋನಸ್ ಹೋಗುತ್ತೆ ಅನ್ನೋ ಭಯ ಇದೆಯಲ್ಲ, ಅದು ಇನ್ನೂ ದೊಡ್ಡ ತಮಾಷೆ. 20%ರಿಂದ ಶುರುವಾಗಿ ಐದು ವರ್ಷಕ್ಕೆ 50% ಮುಟ್ಟೋ ಆ ರಿಯಾಯಿತಿ ಇರೋದು ನಿಮ್ಮ ಕಾರಿನ ಡ್ಯಾಮೇಜಿಗೆ ಕಟ್ಟೋ ಪ್ರೀಮಿಯಮ್ಮಿನ ಮೇಲೆ ಮಾತ್ರ. ಅದನ್ನ ಕಳೆಯೋದು ಬಂಪರಿನ ಕ್ಲೇಮು, ಗಾಯಾಳುವಿನ ಕ್ಲೇಮಲ್ಲ. ಅಂದರೆ ಬೋನಸ್ ಉಳಿಸೋಕೆ ಅಂತ ಮನುಷ್ಯನನ್ನ ರಸ್ತೆಯಲ್ಲೇ ಸೆಟಲ್ ಮಾಡಿ, ಆಮೇಲೆ ಬಂಪರಿಗೆ ಕ್ಲೇಮ್ ಹಾಕಿ ಅದೇ ಬೋನಸ್ಸನ್ನ ನಾವೇ ಕಳ್ಕೊಳ್ತೀವಿ. ಲೆಕ್ಕದಲ್ಲಿ ಹುಷಾರು ಅಂತ ಬೇರೆ ನಮಗೆ ಹೆಸರು!

"ಪೊಲೀಸ್ ಕೇಸಾದರೆ ಪಾಸ್‌ಪೋರ್ಟು, ವೀಸಾ ಕತೆ ಏನು ಗುರೂ" ಅಂತ ಕೇಳ್ತೀರಿ. ಭಯ ಸುಳ್ಳಲ್ಲ. ಕೇಸು ಬೀಳಬಹುದು. ಮೋಟಾರು ವಾಹನ ನಿರೀಕ್ಷಕರು ಬಂದು ನೋಡೋವರೆಗೂ ಕಾರು ಸ್ಟೇಷನ್ ಮುಂದೆ ಧೂಳು ತಿನ್ನಬಹುದು, ನಾಲ್ಕು ದಿನ ರಜೆ ಹಾಕಿ ಓಡಾಡಬೇಕಾಗಬಹುದು. ಆದರೆ ಗುದ್ದಿದ್ದು ಯಾರು ಸ್ವಾಮಿ? ಆ ತಾಪತ್ರಯ ನಿಮಗೆ ಬೇಡ ಅಂದರೆ, ಅದನ್ನ ಜೀವನಪೂರ್ತಿ ಮಂಡಿಯಲ್ಲಿ ಹೊತ್ತು ತಿರುಗೋದು ಅವನು. ಅದೂ ಅಲ್ಲದೆ, ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ, ಅಪಘಾತದ ವಿವರವನ್ನ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸೋದು 134ನೇ ಸೆಕ್ಷನ್ ಪ್ರಕಾರ ಚಾಲಕನ ಕರ್ತವ್ಯ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಪರಿಹಾರ ಕೊಡೋದಾಗಲಿ, ಕೊಡ್ತೀನಿ ಅಂತ ಮಾತು ಕೊಡೋದಾಗಲಿ ಮಾಡಬಾರದು ಅಂತ ನಮ್ಮ ಕಾರುಗಳ ಪಾಲಿಸಿಯಲ್ಲೇ ಷರತ್ತಿದೆ. ಗೋಡೆಯ ಕತೆ ಬಯಲಾದರೆ ಬಂಪರಿನ ಕ್ಲೇಮೂ ತಿರಸ್ಕಾರ ಆಗಬಹುದು.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಮೊದಲು ಆಸ್ಪತ್ರೆ. 2025ರ ಮೇ ತಿಂಗಳಿಂದ ಜಾರಿಯಲ್ಲಿರೋ ಕೇಂದ್ರದ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಗಾಯಾಳುವಿಗೆ 7 ದಿನದವರೆಗೆ, 1.5 ಲಕ್ಷದ ತನಕ ನಗದಿಲ್ಲದೆ ಚಿಕಿತ್ಸೆ ಸಿಗುತ್ತೆ. ಆಮೇಲೆ ಪೊಲೀಸ್ ಸ್ಟೇಷನ್. ಆಮೇಲೆ ಕಂಪನಿಗೆ ಫೋನು, ನಡೆದದ್ದು ನಡೆದ ಹಾಗೇ. ಪಾಲಿಸಿ ನಂಬರನ್ನ ಗಾಯಗೊಂಡವನ ಮನೆಯವರ ಕೈಗೆ ಕೊಡಿ. ಪರಿಹಾರದ ಅರ್ಜಿಗೆ 2019ರ ತಿದ್ದುಪಡಿ ಆರು ತಿಂಗಳ ಗಡುವು ಹಾಕಿದೆ. ಹಳ್ಳಿಯವನು "ನೋವು ಇವತ್ತು ಹೋಗುತ್ತೆ, ನಾಳೆ ಹೋಗುತ್ತೆ" ಅಂತ ಕಾಯೋದರಲ್ಲೇ ಅದು ಕಳೆದುಹೋಗುತ್ತೆ.

ಬಂಪರ್ ಸ್ವಲ್ಪ ಒಡೆದಿದ್ದರೆ ಕೈಯಿಂದ ಕೊಟ್ಟು ರಿಪೇರಿ ಮಾಡಿಸಿ, ಬೋನಸ್ ಉಳಿಸಿಕೊಳ್ಳಿ. ಆ ಜಿಪುಣತನಕ್ಕೆ ನನ್ನ ತಕರಾರಿಲ್ಲ. ಆದರೆ ಗುದ್ದಿಸಿಕೊಂಡವನ ಹೆಸರಿನಲ್ಲಿ ವರ್ಷಾ ವರ್ಷ ಕಟ್ಟಿದ ದುಡ್ಡು ಅವನಿಗೆ ಸೇರೋದನ್ನ ತಪ್ಪಿಸಿ, ಐದು ಸಾವಿರ ಕೊಟ್ಟು "ನಾನು ಒಳ್ಳೆಯವನು" ಅಂದ್ಕೊಂಡು ಟೋಲ್ ದಾಟಬೇಡಿ. ಫಾರ್ಮಿನಲ್ಲಿ "ಅಪಘಾತ ಹೇಗಾಯಿತು" ಅಂತ ಒಂದು ಕಾಲಂ ಇರುತ್ತೆ. ಅಲ್ಲಿ ಮನುಷ್ಯ ಅಂತ ಬರೀರಿ.